ಬೀರುವಿನಲ್ಲಿ ಬೀಗ ಹಾಕಿದ ಗಾಂಧಾರ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ ಜಿಲ್ಲೆ,
ಹಾಗೂ ನಗರದ ಎಲ್ಲ ಸಂಗೀತ ಸಭೆಗಳ ಪದಾಧಿಕಾರಿಗಳು.

ವಿಷಯ: ದಾರಿ ತಪ್ಪುವ ಅಂಚಿನಲ್ಲಿರುವ ಮಕ್ಕಳಿಗೆ ನಿಯಮಿತ ಸಂಗೀತ ಪಾಠ ಮತ್ತು ಎದುರು ಕುಳಿತು ಕೇಳುವ ಕಛೇರಿಗಳನ್ನು ಒದಗಿಸುವ ಬಗ್ಗೆ.

ಮಾನ್ಯರೇ,

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ 29 ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದ ಶಿಕ್ಷಕಿ. ಹುಡುಗಿಯಾಗಿದ್ದಾಗ ಹಿಂದೂಸ್ತಾನಿ ಗಾಯನ ಕಲಿತು ಸೀನಿಯರ್ ಪರೀಕ್ಷೆ ಮುಗಿಸಿದ್ದೆ. ಆಮೇಲೆ ನೌಕರಿ, ಸಂಸಾರ, ವರ್ಗಾವಣೆಗಳ ನಡುವೆ ಹಾರ್ಮೋನಿಯಂ ಅಟ್ಟ ಸೇರಿತು. ನಿವೃತ್ತಿಯ ಮರುವರ್ಷ ಅದನ್ನು ಕೆಳಗಿಳಿಸಿ, ದೂಳು ಒರೆಸಿ, ಪ್ರಕರಣಗಳಲ್ಲಿ ಸಿಕ್ಕಿಕೊಂಡ ಮಕ್ಕಳನ್ನು ಇರಿಸಿಕೊಳ್ಳುವ ಮಲೆನಾಡಿನ ಒಂದು ಮಕ್ಕಳ ಪಾಲನಾ ಸಂಸ್ಥೆಗೆ ಹೊತ್ತುಕೊಂಡು ಹೋದೆ. ಅಲ್ಲಿಂದ ನಾಲ್ಕು ವರ್ಷ, ಜ್ವರ ಬಂದ ಮತ್ತು ಬಸ್ಸು ಬಾರದ ಕೆಲವು ದಿನಗಳನ್ನು ಬಿಟ್ಟರೆ, ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿ ಹಾಡು ಕಲಿಸಿದ್ದೇನೆ.

ಆ ಸಂಸ್ಥೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 74ನೆಯ ಕಲಂ ಇಂಥ ಮಕ್ಕಳ ಗುರುತು ಹೊರಗೆ ಬರಬಾರದು ಎನ್ನುತ್ತದೆ. ಆ ಕಟ್ಟುಪಾಡು ಸರಿಯಾದದ್ದು, ಅದನ್ನು ಮೀರುವ ಉದ್ದೇಶ ನನಗಿಲ್ಲ. ಯಾವ ಅಧಿಕಾರಿಯ ಹೆಸರನ್ನೂ ಹೇಳುವುದಿಲ್ಲ. ನನ್ನ ದೂರು ಒಬ್ಬರ ಮೇಲಿನದಲ್ಲ. ಒಬ್ಬರು ಹೋಗಿ ಇನ್ನೊಬ್ಬರು ಬಂದ ಕೂಡಲೇ ಮಕ್ಕಳ ಕೈಯಿಂದ ವಾದ್ಯ ಕಿತ್ತುಕೊಳ್ಳಲು ಸಾಧ್ಯವಾಗುವಂಥ ವ್ಯವಸ್ಥೆಯ ಮೇಲಿನದು.

ಮೊದಲು ಅಲ್ಲಿ ಏನಿತ್ತು ಎಂಬುದನ್ನು ಹೇಳುತ್ತೇನೆ. ನನ್ನದೊಂದು ಹಾರ್ಮೋನಿಯಂ. ನೆರೆಮನೆಯವರು ಕೊಟ್ಟ ಎರಡು ಜೊತೆ ತಬಲ. ಅವರ ಮಗ ಕಲಿತು, ಬಿಟ್ಟು, ಊರು ತೊರೆದ ಮೇಲೆ ಅವು ಸುಮ್ಮನೆ ಬಿದ್ದಿದ್ದವು. ಸಾಗರದ ಕಡೆಯ ತಂಡವೊಂದು ಅರ್ಧ ಬೆಲೆಗೆ ಕೊಟ್ಟ ಮೂರು ಡೊಳ್ಳು. ಹತ್ತು ಜೊತೆ ತಾಳ. ಶನಿವಾರ ಮೂರು ಗಂಟೆಗೆ ಊಟದ ಕೋಣೆಯ ಬೆಂಚುಗಳನ್ನು ಗೋಡೆಗೆ ಸರಿಸಿ, ಚಾಪೆ ಹಾಸಿ ಕೂರುತ್ತಿದ್ದೆವು. ಕೆಲವೊಮ್ಮೆ ಆರು ಮಕ್ಕಳು, ಕೆಲವೊಮ್ಮೆ ಇಪ್ಪತ್ತು. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಬೀಳುವ ಸದ್ದಿಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಆ ದಿನಗಳಲ್ಲಿ ಹಾಡು ಬಿಟ್ಟು ಡೊಳ್ಳು ಮಾತ್ರ.

ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಹದಿನಾರು ತುಂಬಿರಲಿಲ್ಲ. ಗ್ಯಾರೇಜೊಂದರಲ್ಲಿ ಸ್ಪ್ಯಾನರ್ ಹಿಡಿದೇ ಬೆಳೆದವನು, ಬೈಕೊಂದರ ಪ್ರಕರಣದಲ್ಲಿ ಸಿಕ್ಕಿಕೊಂಡು ಬಂದಿದ್ದ. ಮೊದಲ ಮೂರು ವಾರ ಹಿಂದೆ ಕೂತು, ಹಾಡುತ್ತಿದ್ದ ಚಿಕ್ಕವರನ್ನು ಅಣಕಿಸುವುದೇ ಅವನ ಕೆಲಸ. ನಾಲ್ಕನೆಯ ಶನಿವಾರ ಹಾರ್ಮೋನಿಯಂನ ಮೂರನೆಯ ಬಿಳಿ ಮನೆ, ಎಂದರೆ ಬೆರಳಿನಿಂದ ಒತ್ತುವ ಪಟ್ಟಿ, ಒತ್ತಿದ್ದು ಒತ್ತಿದಂತೆಯೇ ಕೂತುಬಿಟ್ಟಿತು. ಬೆರಳು ತೆಗೆದರೂ ತಿದಿ ಆಡಿಸುವಷ್ಟು ಹೊತ್ತೂ ಕಿರುಚುತ್ತಲೇ ಇತ್ತು. ಎಲ್ಲರೂ ನಕ್ಕರು. ಅವನು ಮಾತ್ರ ನಗದೆ ಎದ್ದು ಬಂದು, "ಸ್ಪ್ರಿಂಗ್ ಜಾರಿದೆ ಮೇಡಂ, ಮುಚ್ಚಳ ತೆಗೆಸಿ" ಎಂದ. ಸ್ಕ್ರೂಡ್ರೈವರ್ ಕೊಡಲು ಸಿಬ್ಬಂದಿ ಹಿಂದೆಮುಂದೆ ನೋಡಿದರು. ಅವರ ಅಂಜಿಕೆ ಅರ್ಥವಾಗುವಂಥದ್ದೇ. ನಾನು ಪಕ್ಕದಲ್ಲೇ ಕೂರುತ್ತೇನೆಂದು ಹೇಳಿ ಕೊಡಿಸಿದೆ. ಅವನು ಮುಚ್ಚಳ ಬಿಚ್ಚಿ, ಸ್ಕ್ರೂಗಳನ್ನು ತೆಗೆದ ಕ್ರಮದಲ್ಲಿಯೇ ಚಾಪೆಯ ಮೇಲೆ ಸಾಲಾಗಿ ಇಟ್ಟ. ತುಕ್ಕು ಹಿಡಿದು ಜಾರಿದ್ದ ಸ್ಪ್ರಿಂಗನ್ನು ನನ್ನ ತಲೆಯ ಪಿನ್ನಿನಿಂದ ಎತ್ತಿ ಕೂರಿಸಿದ. ಮನೆ ಒತ್ತಿ ಬಿಟ್ಟ, ಮೇಲೆ ಬಂತು. ಮತ್ತೆ ಒತ್ತಿದ.

"ಇದಕ್ಕೆ ಹೆಸರು ಇದೆಯಾ?"

"ಗಾಂಧಾರ, ಸರಿಗಮದ ಗ" ಎಂದೆ.

ಮುಂದಿನ ವಾರದಿಂದ ಅವನು ಮುಂದಿನ ಸಾಲಿಗೆ ಬಂದ. ನಾನು ಅವನಿಗಾಗಿಯೇ ಭೂಪ ರಾಗ ಆರಿಸಿಕೊಂಡೆ, ಏಕೆಂದರೆ ಭೂಪದ ಜೀವಸ್ವರವೇ ಗಾಂಧಾರ. ಐದೇ ಸ್ವರ, ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಹೊಸಬರಿಗೆ ಎಡವುವ ಕಲ್ಲುಗಳು ಕಡಿಮೆ. ಅವನ ದನಿ ಅಂಥ ಒಳ್ಳೆಯದೇನೂ ಆಗಿರಲಿಲ್ಲ. ಆದರೆ ಆರೋಹದಲ್ಲಿ ಗಾಂಧಾರಕ್ಕೆ ಬಂದಾಗ ಒಂದು ಗಳಿಗೆ ನಿಲ್ಲುತ್ತಿದ್ದ, ತಾನು ರಿಪೇರಿ ಮಾಡಿದ್ದು ಸರಿಯಾಗಿದೆಯೇ ಎಂದು ನೋಡುವಂತೆ. ಎರಡು ತಿಂಗಳಾಗುವಷ್ಟರಲ್ಲಿ ಬಾಲ ನ್ಯಾಯ ಮಂಡಳಿಯ ಆದೇಶ ಬಂದು ಮನೆಗೆ ಹೋದ. ಕಳೆದ ಕಾರ್ತಿಕದಲ್ಲಿ ಒಂದು ಸಂಜೆ ರಸ್ತೆಯಲ್ಲಿ ಯಾರೋ "ಮೇಡಂ" ಎಂದು ಕೂಗಿದರು. ಕೈತುಂಬ ಗ್ರೀಸು ಹಚ್ಚಿಕೊಂಡು ನಿಂತಿದ್ದವನು ಅವನೇ. ಮನೆಯವರೆಲ್ಲ ಚೆನ್ನಾಗಿದ್ದಾರೆಯೇ ಎಂದು ನಾನು ಕೇಳಿದೆ. ಅವನು ಕೇಳಿದ್ದು, "ಗಾಂಧಾರ ಸರಿ ಇದೆಯಾ?" ಎಂದು. ಆ ಹಾರ್ಮೋನಿಯಂಗೆ ಬೀಗ ಬಿದ್ದು ಆಗಲೇ ಒಂದು ವರ್ಷವಾಗಿತ್ತು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಈ ಪತ್ರ ಬರೆಯಬೇಕೆಂದು ನಿಶ್ಚಯಿಸಿದ್ದು ಅಂದು.

ಬೀಗ ಬಿದ್ದದ್ದು ಹೀಗೆ. ಮೊದಲಿದ್ದ ಮೇಲ್ವಿಚಾರಕರಿಗೆ ವರ್ಗವಾಯಿತು. ಹೊಸದಾಗಿ ಬಂದವರು, ಈ ತರಗತಿ ಯಾವ ಆದೇಶದ ಮೇಲೆ ನಡೆಯುತ್ತಿದೆ ಎಂದು ಕೇಳಿದರು. ಬರಹದಲ್ಲಿ ಯಾವ ಆದೇಶವೂ ಇರಲಿಲ್ಲ. ವಾದ್ಯಗಳು ದಾಸ್ತಾನು ಪುಸ್ತಕದಲ್ಲಿ ಇರಲಿಲ್ಲ. ಸೇರಿಸಿದರೆ, ನಾಳೆ ಡೊಳ್ಳಿನ ಚರ್ಮ ಹರಿದಾಗ ಲೆಕ್ಕ ತಪಾಸಣೆಯಲ್ಲಿ ಉತ್ತರ ಕೊಡುವವರು ಯಾರು? ಸೇರಿಸದಿದ್ದರೆ, ಲೆಕ್ಕಕ್ಕಿಲ್ಲದ ವಸ್ತು ಆವರಣದಲ್ಲಿ ಇರುವುದು ಹೇಗೆ? ಕೊನೆಗೆ ಎಲ್ಲವನ್ನೂ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. ನಾನು ಮೂರು ಮನವಿ ಕೊಟ್ಟೆ. ಮೂರಕ್ಕೂ ಸಿಕ್ಕ ಉತ್ತರ ಒಂದೇ: ಕಡತ ಪರಿಶೀಲನೆಯಲ್ಲಿದೆ. ನಾನು ಕೊಟ್ಟ ವಾದ್ಯವನ್ನು ನನಗೇ ವಾಪಸು ಕೊಡಿ ಎಂದರೂ, ಅದು ನಿಮ್ಮದೆನ್ನಲು ದಾಖಲೆ ಏನಿದೆ ಎಂದರು.

ಮಲೆನಾಡಿನ ಮಳೆಗಾಲ ಚರ್ಮವಾದ್ಯಕ್ಕೆ ಏನು ಮಾಡುತ್ತದೆಂದು ಇಲ್ಲಿನವರಿಗೆ ವಿವರಿಸಬೇಕಿಲ್ಲ. ಜೂನ್ ಕಳೆಯುವಷ್ಟರಲ್ಲಿ ಪುಸ್ತಕದ ರಟ್ಟಿಗೂ ಚಪ್ಪಲಿಗೂ ಬೂಷ್ಟು ಬರುವ ಊರು ನಮ್ಮದು. ಹಿಂದಿನವರು ಮದ್ದಳೆಯನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಹೊಗೆ ಮತ್ತು ಕಾವು ತಾಗುತ್ತಿರಲಿ ಎಂದು. ಈಗಿನವರು ಕಪಾಟಿನೊಳಗೆ ಒಂದು ಸಣ್ಣ ಬಲ್ಬು ಉರಿಸಿಡುತ್ತಾರೆ. ಕಬ್ಬಿಣದ ಬೀರುವಿನಲ್ಲಿ ಇದಾವುದೂ ಇಲ್ಲ. ಇಡೀ ಒಂದು ಮಳೆಗಾಲ ಕಳೆದ ಮೇಲೆ ಸಿಬ್ಬಂದಿಯೊಬ್ಬರು ಕನಿಕರದಿಂದ ಬಾಗಿಲು ತೆರೆದು ತೋರಿಸಿದರು. ತಬಲದ ಮೇಲಿನ ಕಪ್ಪು ಲೇಪ, ಕರಣೆ, ಬಿರುಕು ಬಿಟ್ಟು ಚೂರುಚೂರಾಗಿ ಏಳುತ್ತಿತ್ತು. ಡೊಳ್ಳಿನ ಮೇಲೆ ಬಿಳಿಯ ಬೂಷ್ಟು ಹತ್ತಿಯಂತೆ ಹರಡಿತ್ತು. ಹಾರ್ಮೋನಿಯಂ ಮುಟ್ಟಿ ನೋಡುವ ಧೈರ್ಯ ನನಗಾಗಲಿಲ್ಲ.

ಆ ಅವಧಿಯಲ್ಲಿ ಅಲ್ಲಿ ಸಂಗೀತವೇ ಇರಲಿಲ್ಲ ಎಂದಲ್ಲ. ನವೆಂಬರ್ 14ರಂದು ದೊಡ್ಡ ಧ್ವನಿವರ್ಧಕ ಬಂತು. ಮುದ್ರಿತ ಸಂಗೀತಕ್ಕೆ ಇಬ್ಬರು ಮೈಕ್ ಹಿಡಿದು ಹಾಡಿದರು. ಮಕ್ಕಳು ಸಾಲಾಗಿ ಕೂತು ಚಪ್ಪಾಳೆ ತಟ್ಟಿದರು. ಬಾಳೆಹಣ್ಣು, ಬಿಸ್ಕತ್ತು ಹಂಚಲಾಯಿತು. ಛಾಯಾಚಿತ್ರ ತೆಗೆದರು. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿದು ವ್ಯಾನು ಹೊರಟಿತು. ಬಂದವರು ಒಳ್ಳೆಯ ಮನಸ್ಸಿನವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಾನ್ಯರೇ, ಈ ಮಕ್ಕಳ ಬಾಳಿನಲ್ಲಿ ಬಂದು ಹೋಗುವವರಿಗೆ ಕೊರತೆಯಿಲ್ಲ. ಅಪ್ಪ ಬಂದು ಹೋಗಿದ್ದಾನೆ, ವಕೀಲರು ಬಂದು ಹೋಗುತ್ತಾರೆ, ಅಧಿಕಾರಿಗಳು ಬಂದು ಹೋಗುತ್ತಾರೆ. ಮುಂದಿನ ಶನಿವಾರವೂ ಬರುತ್ತೇನೆ ಎಂದು ಹೇಳಿ ಬರುವವರು ಅವರಿಗೆ ಬೇಕು. ನನ್ನ ತರಗತಿ ನಿಂತಾಗ ನಾನೂ ಬಂದು ಹೋದವರ ಪಟ್ಟಿಗೆ ಸೇರಿಬಿಟ್ಟೆ. ಈ ಒಂದು ವಿಷಯ ನನ್ನನ್ನು ರಾತ್ರಿ ಎಬ್ಬಿಸುತ್ತದೆ.

ಕಾನೂನು ನಮ್ಮ ಪರವಾಗಿಯೇ ಇದೆ. ಬಾಲ ನ್ಯಾಯ ಕಾಯ್ದೆಯ 53ನೆಯ ಕಲಂ ಪಾಲನಾ ಸಂಸ್ಥೆಗಳು ಒದಗಿಸಬೇಕಾದ ಸೇವೆಗಳಲ್ಲಿ ಊಟ, ವಸತಿ, ಶಿಕ್ಷಣ, ಕೌಶಲಗಳ ಜೊತೆಗೇ ಕ್ರೀಡೆ ಮತ್ತು ಸಾಂಸ್ಕೃತಿಕ ಚಟುವಟಿಕೆಗಳನ್ನೂ ಹೆಸರಿಸುತ್ತದೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ, ಕಲೆ ಮತ್ತು ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವುದನ್ನು ಮಗುವಿನ ಹಕ್ಕೆಂದೇ ಹೇಳುತ್ತದೆ. ಹಾಗಿರುವಾಗ ಸಂಗೀತ ಪಾಠಕ್ಕೆ ಯಾವ ಆದೇಶವಿದೆ ಎಂದು ಕೇಳುವ ಬದಲು, ಪಾಠ ಇಲ್ಲದಿರುವುದಕ್ಕೆ ಯಾವ ಆದೇಶವಿದೆ ಎಂದು ಕೇಳಬೇಕಾಗಿತ್ತು.

ನಮ್ಮ ನಾಡಿಗೆ ಈ ಕೆಲಸ ಹೊಸದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದ ಕನ್ನಡಿಗರು ಕಡಿಮೆ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಅವರಂತೆಯೇ ಅಂಧರಾದ ಪುಟ್ಟರಾಜ ಗವಾಯಿಗಳು, ಅಂಧ, ಅನಾಥ, ಬಡ ಮಕ್ಕಳನ್ನು ಕರೆದು ಅನ್ನ ಕೊಟ್ಟು ಸಂಗೀತ ಕಲಿಸಿದರು. ಹಣ ಸಾಲದಾದಾಗ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಬಸವರಾಜ ರಾಜಗುರುಗಳಂಥ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಅಲ್ಲಿ ನಾವು ನೋಡಬೇಕಾದದ್ದು ಪ್ರಶಸ್ತಿಗಿಂತ ಹೆಚ್ಚಾಗಿ ದಿನಚರಿಯನ್ನು. ಬೆಳಗಿನ ಜಾವ ಎದ್ದು ಕೂತು ಸಾಧನೆ, ಸಂಜೆ ಮತ್ತೆ ಸಾಧನೆ, ಕಲಿತವನೇ ಕಿರಿಯನಿಗೆ ಹೇಳಿಕೊಡುವುದು. ಸರ್ಕಾರಿ ರಂಗಸಂಸ್ಥೆಯಾದ ರಂಗಾಯಣದ ಹುಲಗಪ್ಪ ಕಟ್ಟಿಮನಿಯವರು ಇದೇ ರಾಜ್ಯದ ಜೈಲುಗಳಲ್ಲಿ ಕೈದಿಗಳಿಂದ ನಾಟಕ ಆಡಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದು ತೋರಿಸಿದವರು. ಶಿಕ್ಷೆಗೊಳಗಾದ ವಯಸ್ಕರಿಗೆ ಸಾಧ್ಯವಾದದ್ದು, ವಿಚಾರಣೆಯೂ ಮುಗಿಯದ ಮಕ್ಕಳಿಗೆ ಏಕೆ ಅಸಾಧ್ಯ? ಶಿವಮೊಗ್ಗದಲ್ಲಿ ರಂಗಾಯಣವೇ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ರಂಗಸಂಸ್ಥೆ ಇದೆ. ಇಷ್ಟು ಕಲಾವಿದರ ನಡುವೆ ಇದ್ದೂ ನಾವು ವರ್ಷಕ್ಕೊಂದು ಬಾಡಿಗೆಯ ಧ್ವನಿವರ್ಧಕದಲ್ಲಿ ತೃಪ್ತಿಪಡುವುದೇ?

ಸಂಗೀತ ಕಲಿತರೆ ಹುಡುಗರು ಸರಿಹೋಗುತ್ತಾರೆಯೇ ಎಂದು ನನ್ನನ್ನು ಅನೇಕರು ಕೇಳಿದ್ದಾರೆ. ಪ್ರಾಮಾಣಿಕವಾಗಿ ಹೇಳುತ್ತೇನೆ: ಎಲ್ಲರೂ ಅಲ್ಲ. ನನ್ನ ಬಳಿ ಚೆಂದವಾಗಿ ತಬಲ ನುಡಿಸಿ ಹೋದವನೊಬ್ಬ ಎಂಟು ತಿಂಗಳಿಗೆ ಮತ್ತೆ ಒಳಗೆ ಬಂದ. ವೆನೆಜುವೆಲಾ ದೇಶದಲ್ಲಿ 1975ರಲ್ಲಿ ಹೋಸೆ ಅಂಟೋನಿಯೊ ಅಬ್ರೆಯು ಎಂಬ ಅರ್ಥಶಾಸ್ತ್ರಜ್ಞ ಸಂಗೀತಗಾರ ಬೆರಳೆಣಿಕೆಯ ಮಕ್ಕಳೊಂದಿಗೆ ಶುರುಮಾಡಿದ ವಾದ್ಯವೃಂದದ ಶಾಲೆಗಳು ಇಂದು ಆ ದೇಶದ ತುಂಬ ಹರಡಿವೆ. ಅವುಗಳ ಮೇಲೆ ನಡೆದ ಅಧ್ಯಯನವೂ ದೊಡ್ಡ ಪವಾಡವನ್ನೇನೂ ಹೇಳಲಿಲ್ಲ. ಮಕ್ಕಳ ಸ್ವಯಂ ನಿಯಂತ್ರಣ ಸ್ವಲ್ಪ ಸುಧಾರಿಸಿತು, ಹಿಂಸೆಯನ್ನು ಹತ್ತಿರದಿಂದ ಕಂಡ ಗಂಡುಮಕ್ಕಳಲ್ಲಿ ಆಕ್ರಮಣದ ನಡತೆ ತಗ್ಗಿತು ಎಂದಿತು. ನನ್ನ ಅನುಭವವೂ ಅಷ್ಟೇ. ಡೊಳ್ಳು ಕುಣಿತದಲ್ಲಿ ಪಕ್ಕದವನ ಕೋಲಿನ ಪೆಟ್ಟಿಗೆ ನಿನ್ನ ಪೆಟ್ಟು ಕೂಡಬೇಕು. ಮೊದಲೇ ಹೊಡೆದರೆ ಗತಿ ಕೆಡುತ್ತದೆ. ಮಾತಿಗೆ ಮೊದಲು ಕೈ ಎತ್ತುವ ಹುಡುಗನೊಬ್ಬ ಅರ್ಧ ಕ್ಷಣ ಕಾಯುವುದನ್ನು ಕಲಿಯುವುದು ಅಲ್ಲಿ. ಆ ಅರ್ಧ ಕ್ಷಣಕ್ಕೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ. ಅದನ್ನು ಕಂಡಿದ್ದೇನೆ ಎಂದಷ್ಟೇ ಹೇಳಬಲ್ಲೆ.

ಪಾಠದ ಕ್ರಮದ ಬಗ್ಗೆಯೂ ಒಂದು ಮಾತು. ಇಂಥ ಮಕ್ಕಳ ವಿಚಾರಣೆ ಸಾಮಾನ್ಯವಾಗಿ ನಾಲ್ಕು ತಿಂಗಳೊಳಗೆ ಮುಗಿಯಬೇಕೆಂದು ಕಾಯ್ದೆಯೇ ಹೇಳುತ್ತದೆ. ಅನೇಕರು ಅದಕ್ಕಿಂತ ಮೊದಲೇ ಮನೆಗೆ ಹೋಗುತ್ತಾರೆ. ಅವರಿಗೆ ಜೂನಿಯರ್ ಪರೀಕ್ಷೆಯ ಪಠ್ಯ ಹಿಡಿದು ಕೂತರೆ ಅಲಂಕಾರ ಎಂಬ ಆರಂಭದ ಸ್ವರಾಭ್ಯಾಸ ಮುಗಿಯುವ ಮೊದಲೇ ಹುಡುಗ ಹೊರಟಿರುತ್ತಾನೆ. ಮೊದಲ ದಿನವೇ ಕೈಗೆ ವಾದ್ಯ ಬರಬೇಕು, ಎರಡು ವಾರದಲ್ಲಿ ಒಂದು ಇಡೀ ಹಾಡೋ ಒಂದು ಇಡೀ ಗತ್ತೋ ಅವನದಾಗಬೇಕು. ಇದನ್ನು ನಾನು ಎರಡು ವರ್ಷ ತಪ್ಪು ಮಾಡಿ ಕಲಿತೆ.

ಇದಕ್ಕೆ ಗುರುಗಳನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಬರುತ್ತಿದ್ದದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ಮುಂದೆ ಹಿರಿಯರಿಬ್ಬರು ಸೊಲ್ಲು ಎತ್ತುವರು, ಹಿಂದೆ ಊರಿನ ಹುಡುಗರು ಒಕ್ಕೊರಲಿನಲ್ಲಿ ಅದನ್ನೇ ತಿರುಗಿ ಹೇಳುವರು. ಪೋಲಿ ಎಂದು ಹೆಸರಾದವನಿಗೂ ಆ ಸಾಲಿನಲ್ಲಿ ಜಾಗವಿರುತ್ತಿತ್ತು. ರಾತ್ರಿಯಿಡೀ ಗದ್ದೆಯ ಅಂಚಿನಲ್ಲಿ ನಡೆದು ದೀಪ ಆರದಂತೆ ಕಾಯುವುದು ಅವನದೇ ಹೊಣೆ. ತೀರ್ಥಹಳ್ಳಿ, ಹೊಸನಗರ, ಸೊರಬ, ಸಾಗರದ ಹಳ್ಳಿಗಳಲ್ಲಿ ಈ ಹಾಡುಗಾರರು ಇನ್ನೂ ಇದ್ದಾರೆ. ಡೊಳ್ಳಿನವರಿದ್ದಾರೆ. ಬಡಗುತಿಟ್ಟಿನ ಯಕ್ಷಗಾನದ ಚಂಡೆ ಮದ್ದಳೆಯವರಿದ್ದಾರೆ. ತುಂಗೆಯ ದಂಡೆಯ ಹೊಸಹಳ್ಳಿಯಂತೂ ಕಾವ್ಯವನ್ನು ರಾಗವಾಗಿ ಓದುವ ಗಮಕಕ್ಕೇ ಹೆಸರಾದ ಊರು, 2022ರಲ್ಲಿ ಪದ್ಮಶ್ರೀ ಪಡೆದ ಎಚ್.ಆರ್. ಕೇಶವಮೂರ್ತಿಯವರ ಊರು. ಇವರಲ್ಲಿ ಹಲವರ ಬಳಿ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲ ಎಂಬ ಕಾರಣಕ್ಕೆ ಇವರನ್ನು ಬಾಗಿಲಲ್ಲೇ ನಿಲ್ಲಿಸಬೇಡಿ. ಪೊಲೀಸ್ ಪರಿಶೀಲನೆ ಬೇಕು, ಖಂಡಿತ ಮಾಡಿಸಿ, ನನ್ನದನ್ನೂ ಮಾಡಿಸಿ. ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಸಡಿಲ ಬೇಡ.

ಆದ್ದರಿಂದ ಜಿಲ್ಲಾಧಿಕಾರಿಗಳಲ್ಲಿ ನನ್ನ ಕೋರಿಕೆ ಇದು. ಜಿಲ್ಲೆಯ ಎಲ್ಲ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ವಾರಕ್ಕೆ ಕನಿಷ್ಠ ಎರಡು ದಿನ ಸಂಗೀತ ತರಗತಿ ನಡೆಯಬೇಕೆಂದು ಬರಹದಲ್ಲಿ ಆದೇಶ ಹೊರಡಿಸಿ, ಅಧಿಕಾರಿ ಬದಲಾದರೂ ಆದೇಶ ಉಳಿಯುವಂತೆ. ಕಲಿಸುವವರಿಗೆ ಗೌರವಧನ ಕೊಡಿ. ನನ್ನಂಥ ಪಿಂಚಣಿದಾರರು ಪುಕ್ಕಟೆ ಬರಬಹುದು, ಆದರೆ ದಿನದ ಕೂಲಿ ಬಿಟ್ಟು ಬರುವ ಡೊಳ್ಳಿನ ಕಲಾವಿದನಿಂದ ಸೇವೆಯ ಹೆಸರಿನಲ್ಲಿ ದುಡಿಸಿಕೊಳ್ಳುವುದು ನ್ಯಾಯವಲ್ಲ. ವಾದ್ಯಗಳನ್ನು ದಾಸ್ತಾನು ಪುಸ್ತಕದಲ್ಲಿ ಮೇಜು ಕುರ್ಚಿಗಳ ಸಾಲಿನಲ್ಲಿ ಬರೆಸದೆ, ಸೀಮೆಸುಣ್ಣ, ವಾಲಿಬಾಲ್‌ಗಳಂತೆ ಬಳಸಿ ಸವೆಯುವ ವಸ್ತುಗಳೆಂದು ಬರೆಸಿ. ಚರ್ಮ ಹರಿಯುವುದು, ತಂತಿ ತುಂಡಾಗುವುದು ಯಾರ ತಪ್ಪೂ ಅಲ್ಲ, ಕಲಿಯುತ್ತಿದ್ದಾರೆ ಎಂಬುದರ ಗುರುತು. ಮತ್ತು ಎಲ್ಲ ಕಡೆಯೂ ಬೀರುವಿನೊಳಗೆ ಒಂದು ಬಲ್ಬು ಹಾಕಿಸಿ.

ಹೊರಗೆ ಬಂದ ಮೇಲೆ ಏನು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ನನ್ನ ಗಾಂಧಾರದ ಹುಡುಗನಿಗೆ ಗ್ಯಾರೇಜು ಮುಚ್ಚಿದ ಮೇಲೆ ಹೋಗಿ ಕೂತು ನುಡಿಸಲು ಈ ಊರಿನಲ್ಲಿ ಒಂದು ಜಾಗವಿಲ್ಲ. ಶುಲ್ಕ ಕೊಟ್ಟು ಕಲಿಯುವ ಶಾಲೆಗಳ ಬಾಗಿಲಲ್ಲಿ ಅವನು ಚಪ್ಪಲಿ ಬಿಡಲೂ ಹಿಂಜರಿಯುತ್ತಾನೆ. ಶಾಲೆ ಬಿಟ್ಟವರು, ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತಂದೆತಾಯಿಯ ಜೊತೆ ತೋಟದಿಂದ ತೋಟಕ್ಕೆ ಅಲೆಯುವವರು, ಸಂಜೆ ಹೊತ್ತು ಗಾಂಜಾ ಮಾರುವವನ ಕಣ್ಣಿಗೆ ಬೀಳುವವರು, ಇವರು ಇನ್ನೂ ಯಾವ ಸಂಸ್ಥೆಯ ಒಳಗೂ ಬಂದಿಲ್ಲ. ಬರುವ ಮೊದಲೇ ಅವರನ್ನು ಕರೆಯುವ ಒಂದು ಜಾಗ ಬೇಕು. ಆ ಜಾಗವನ್ನು ನಾನು ಸೂಚಿಸಬಲ್ಲೆ. ಶಿವಮೊಗ್ಗದ ಹಳೆಯ ಜೈಲಿನ ಆವರಣ ಇಂದು ಫ್ರೀಡಂ ಪಾರ್ಕ್ ಆಗಿದೆ, ಅದಕ್ಕೆ ಅಲ್ಲಮಪ್ರಭುವಿನ ಹೆಸರು ಬಂದಿದೆ. ಅಲ್ಲಮ ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನು. ಹಳೆಯ ಕಾವ್ಯಗಳು ಅವನನ್ನು ಮದ್ದಳೆ ನುಡಿಸುವವನೆಂದೇ ಪರಿಚಯಿಸುತ್ತವೆ. ಜೈಲಾಗಿದ್ದ ನೆಲ, ಮದ್ದಳೆಗಾರನ ಹೆಸರು. ಅಲ್ಲಿ ವಾರಕ್ಕೆ ಮೂರು ಸಂಜೆ ಒಂದು ಕೋಣೆ ತೆರೆದಿರಲಿ, ಒಳಗೆ ವಾದ್ಯಗಳಿರಲಿ, ಹೇಳಿಕೊಡುವವರೊಬ್ಬರು ಇರಲಿ. ಬಂದವನ ಪೂರ್ವಾಪರ ಕೇಳುವುದು ಬೇಡ.

ಈಗ ಸಂಗೀತ ಸಭೆಗಳ ಹಿರಿಯರಲ್ಲಿ. ನಿಮ್ಮ ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಬೆಳೆದವಳು ನಾನು. ನಿಮ್ಮ ಋಣ ನನ್ನ ಮೇಲಿದೆ. ಕುವೆಂಪು ರಂಗಮಂದಿರಕ್ಕೆ ಧಾರವಾಡದಿಂದ, ಮೈಸೂರಿನಿಂದ ಕಲಾವಿದರನ್ನು ಕರೆಸಿದಾಗ, ಮರುದಿನ ಬೆಳಿಗ್ಗೆ ಅವರ ಒಂದು ಗಂಟೆಯನ್ನು ಈ ಮಕ್ಕಳಿಗಾಗಿ ಕೇಳಿ. ಧ್ವನಿವರ್ಧಕ ಬೇಡ, ವೇದಿಕೆ ಬೇಡ, ಹಾರ ಬೇಡ, ಮಕ್ಕಳ ಫೋಟೋ ಬೇಡವೇ ಬೇಡ. ಒಂದು ಚಾಪೆ ಸಾಕು. ಒಮ್ಮೆ ಪರಿಚಯದ ತಬಲ ವಾದಕರೊಬ್ಬರು ಹಾಗೆ ಬಂದಿದ್ದರು. ಅವರು ನುಡಿಸಿದ್ದಕ್ಕಿಂತ ಹೆಚ್ಚಾಗಿ ಮಕ್ಕಳನ್ನು ಹಿಡಿದಿಟ್ಟದ್ದು ಅವರು ಶ್ರುತಿ ಮಾಡಿದ್ದು. ಸುತ್ತಿಗೆಯಿಂದ ತಬಲದ ಬದಿಯ ಮರದ ತುಂಡುಗಳಾದ ಗಟ್ಟಗಳನ್ನು ಒಂದೊಂದಾಗಿ ತಟ್ಟುತ್ತ, ಕಿವಿ ಬಾಗಿಸಿ ಕೇಳುತ್ತ, ಮತ್ತೆ ತಟ್ಟುತ್ತ ಹೋದರು. ಮಕ್ಕಳು ಉಸಿರು ಬಿಗಿಹಿಡಿದು ಸುತ್ತ ಕೂತಿದ್ದರು. ಕೊನೆಗೆ ಹನ್ನೊಂದು ವರ್ಷದವನೊಬ್ಬ, ಅವರಿಗಿಂತ ಒಂದು ಗಳಿಗೆ ಮೊದಲೇ, "ಕೂಡಿತು" ಎಂದ. ಅವರು ಸುತ್ತಿಗೆಯನ್ನು ಅವನ ಕೈಗೆ ಕೊಟ್ಟು ಇನ್ನೊಂದು ತಬಲವನ್ನು ಅವನ ಮುಂದಕ್ಕೆ ಸರಿಸಿದರು. ಇದು ಮೊಬೈಲಿನಲ್ಲಿ ಸಿಗುವುದಿಲ್ಲ.

ಮಾನ್ಯರೇ, ಈ ಪತ್ರಕ್ಕೆ ನಿಮ್ಮಿಂದ ಪ್ರಶಂಸೆಯ ಉತ್ತರ ಬೇಡ. ಮುಂಗಾರು ಶುರುವಾಗಲು ಇನ್ನು ಹೆಚ್ಚು ದಿನಗಳಿಲ್ಲ. ಇನ್ನೊಂದು ಮಳೆಗಾಲವನ್ನು ಆ ವಾದ್ಯಗಳು ತಡೆಯುವುದಿಲ್ಲ. ದಯವಿಟ್ಟು ಅಷ್ಟರೊಳಗೆ ಆ ಬೀರುವಿನ ಬೀಗ ತೆಗೆಸಿಕೊಡಿ. ತಬಲಕ್ಕೆ ಹೊಸ ಚರ್ಮ ಹಾಕಿಸುವ ಖರ್ಚು ನನ್ನದು. ಹಾರ್ಮೋನಿಯಂ ರಿಪೇರಿ ಮಾಡುವವನು ಯಾರೆಂಬುದು ನನಗೆ ಗೊತ್ತಿದೆ, ಅವನನ್ನು ಹೋಗಿ ಕೇಳುತ್ತೇನೆ. ಶನಿವಾರ ಮಧ್ಯಾಹ್ನ ಮೂರು ಗಂಟೆಯನ್ನು ಇಂದಿಗೂ ಬೇರೆ ಯಾವ ಕೆಲಸಕ್ಕೂ ಕೊಡದೆ ಖಾಲಿ ಇಟ್ಟುಕೊಂಡಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ಶಿವಮೊಗ್ಗ